ಸದ್ಯಕ್ಕೆ ಏಣಿಯ ಅಗತ್ಯವಿಲ್ಲ

ಹೊಲಿಗೆ ಯಂತ್ರ ತಯಾರಿಸುವ ಆ ಕಾರ್ಖಾನೆಯ ಆಫೀಸಿನಲ್ಲಿ ಟಪಾಲಣ್ಣನವರ ನಿಜವಾದ ಹೆಸರು ಹಾಜರಿ ಪುಸ್ತಕವೊಂದನ್ನು ಬಿಟ್ಟು ಇನ್ಯಾರಿಗೂ ನೆನಪಿರಲಿಲ್ಲ. ಮೂವತ್ತೊಂದು ವರ್ಷ ಬಂದ ಕಾಗದವನ್ನೆಲ್ಲ ವಿಂಗಡಿಸಿ, ಯಾರಿಗೆ ಸೇರಬೇಕೋ ಅವರಿಗೆ ಸೇರಿಸಿದ ಮನುಷ್ಯನಿಗೆ ಇನ್ನೊಂದು ಹೆಸರಿನ ಅಗತ್ಯವೂ ಇರಲಿಲ್ಲ ಬಿಡಿ. ಅವರ ಮೇಜಿನ ಹಿಂದೆ ಗೋಡೆಯುದ್ದಕ್ಕೂ ಇಪ್ಪತ್ತನಾಲ್ಕು ಮರದ ಗೂಡುಗಳಿದ್ದವು. ಮಾರಾಟಕ್ಕೊಂದು, ದುರಸ್ತಿಗೊಂದು, ಉಗ್ರಾಣಕ್ಕೊಂದು, ಮ್ಯಾನೇಜರಿಗೆ ಬಾಗಿಲಿರುವುದೊಂದು.

ಇಮೇಲ್ ಬಂದ ಮೇಲೂ ಎಷ್ಟೋ ವರ್ಷ ಆ ಗೂಡುಗಳು ಅಲ್ಲೇ ಇದ್ದವು. ಆಗ ಇಡೀ ಆಫೀಸಿಗೆ ಒಂದೇ ಕಂಪ್ಯೂಟರು, ಒಂದೇ ವಿಳಾಸ. ಬೆಳಿಗ್ಗೆ ಒಂಬತ್ತಕ್ಕೆ ಟಪಾಲಣ್ಣ ಅದರ ಬಟ್ಟೆಯ ಹೊದಿಕೆ ತೆಗೆದು, ನಾಲ್ಕು ಮಡಿಕೆ ಮಡಚಿ, ಬಂದ ಇಮೇಲುಗಳನ್ನೆಲ್ಲ ಮುದ್ರಿಸಿ, ಒಂದೊಂದರ ಮೇಲೂ ‘ತಲುಪಿದೆ’ ಎಂಬ ಮೊಹರನ್ನು ಟಪ್ಪೆಂದು ಒತ್ತಿ ಗೂಡಿಗೆ ಹಾಕುತ್ತಿದ್ದರು. ಆ ಟಪ್ ಸದ್ದು ಕೇಳಿದ ಮೇಲೇ ಆಫೀಸಿನಲ್ಲಿ ಉಳಿದವರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದದ್ದು. ಎಂಥ ಬೆಳಗುಗಳು ಅವು. ಶಾಯಿಯ ವಾಸನೆ, ಪ್ರಿಂಟರಿನ ಕಿರ್ರೋ ಸದ್ದು, ಮತ್ತು ಕಾಗದ ಕೈಗೆ ಬಂದಾಗ ಅದರಲ್ಲಿನ್ನೂ ಇರುತ್ತಿದ್ದ ಬಿಸಿ.

ವಿಂಗಡಿಸುವುದರಲ್ಲಿ ಟಪಾಲಣ್ಣನವರದು ಸ್ವಂತ ಪದ್ಧತಿ. ಒಂದು ರಟ್ಟಿನ ತುಂಡಿನಲ್ಲಿ ಬೆರಳಗಲದ ಕಿಟಕಿ ಕತ್ತರಿಸಿಟ್ಟುಕೊಂಡಿದ್ದರು. ಅದನ್ನು ಕಾಗದದ ಮೇಲಿಟ್ಟರೆ ವಿಷಯದ ಸಾಲು ಮಾತ್ರ ಕಾಣುತ್ತಿತ್ತು. ಯಾರು ಬರೆದದ್ದು, ಒಳಗೇನಿದೆ, ಎರಡೂ ಮುಚ್ಚಿಹೋಗುತ್ತಿದ್ದವು. ಕಳುಹಿಸಿದವರ ಹೆಸರು ನೋಡಿದರೆ ಪಕ್ಷಪಾತ ಬರುತ್ತದೆ, ಒಳಗಿನದನ್ನು ಓದಿದರೆ ಚಾಡಿ ಹುಟ್ಟುತ್ತದೆ ಎಂಬುದು ಅವರ ಸಿದ್ಧಾಂತ. “ಮೂವತ್ತೊಂದು ವರ್ಷ. ಒಂದೇ ಒಂದು ಕಾಗದ ತಪ್ಪು ಗೂಡಿಗೆ ಬಿದ್ದಿಲ್ಲ,” ಎಂದು ಅವರು ಕಂಡವರಿಗೆಲ್ಲ ಹೇಳುತ್ತಿದ್ದರು. ಕ್ಷೌರಿಕನಿಗೂ ಹೇಳಿದ್ದರು. ಅವನು ಕತ್ತಿ ಹಿಡಿದುಕೊಂಡಿದ್ದಾಗಲೇ ಹೇಳಿದ್ದರಿಂದ, ಅವನು ತಲೆದೂಗಿದಾಗ ಕತ್ತಿ ತಗುಲಿ, ಇವರ ಕಿವಿಯ ಪಕ್ಕ ಒಂದು ಗುರುತೂ ಉಳಿದಿತ್ತು.

ಈಗ ಒಬ್ಬೊಬ್ಬರಿಗೂ ಒಂದೊಂದು ವಿಳಾಸ. ಗೂಡುಗಳು ಹೋಗಿ ಗೋಡೆಯ ಮೇಲೆ ಅವುಗಳ ಮಸುಕು ಚೌಕಗಳಷ್ಟೇ ಉಳಿದಿದ್ದವು. ನಿವೃತ್ತಿಗೆ ಏಳು ತಿಂಗಳು ಬಾಕಿ. ಟಪಾಲಣ್ಣ ದಿನಾ ಬಂದು ಮೊಹರನ್ನು ಒರೆಸಿ ಇಡುತ್ತಿದ್ದರು, ಒತ್ತಲು ಕಾಗದವಿರಲಿಲ್ಲ.

ಹೀಗಿರುವಾಗ ಒಂದು ದಿನ ಕಂಪ್ಯೂಟರ್ ಮೇಡಂ ಅವರ ಮೇಜಿಗೆ ಬಂದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಆಫೀಸಿನ ಯಂತ್ರಗಳೆಲ್ಲ ಅವರ ಮಾತು ಕೇಳುತ್ತಿದ್ದವು, ಮನುಷ್ಯರು ಅಷ್ಟಾಗಿ ಕೇಳುತ್ತಿರಲಿಲ್ಲ.

“ಸಾರ್, ಆಫೀಸಿನ ಹಳೇ ಇಮೇಲೆಲ್ಲ ಹುಡುಕೋ ಒಂದು ಸಾಧನ ಮಾಡಿದೀನಿ. ಆದ್ರೆ ಅದನ್ನ ಬಳಸೋದು ನಾವಲ್ಲ, ಎ.ಐ. ಏಜೆಂಟ್. ಕಣ್ಣಿಗೆ ಕಾಣದ ಗುಮಾಸ್ತ ಅಂದ್ಕೊಳ್ಳಿ. ನಾವು ಪ್ರಶ್ನೆ ಕೇಳಿದ್ರೆ ಅವನು ಸಾಧನದಲ್ಲಿ ಹುಡುಕಿ ಉತ್ತರ ಕೊಡ್ತಾನೆ. ಸಾಧನ ಹೇಗೆ ಬಳಸ್ಬೇಕು ಅಂತ ಅವನಿಗೆ ಒಂದು ಕೈಪಿಡಿ ಬರೆದುಕೊಡ್ಬೇಕು. ಕಾಗದದ ವಿಷಯ ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು ಅಂತ ಮ್ಯಾನೇಜರು ಹೇಳಿದ್ರು.”

“ಕೈಪಿಡಿನ ಅವನು ಓದ್ತಾನಾ?”

“ಒಂದಕ್ಷರ ಬಿಡದೆ ಓದ್ತಾನೆ.”

“ಕೊನೇವರೆಗೂ?”

“ಪ್ರತಿ ಸಲ ಕೆಲಸ ಶುರು ಮಾಡೋ ಮುಂಚೆ, ಮೊದಲಿಂದ ಕೊನೇವರೆಗೂ.”

ಟಪಾಲಣ್ಣ ಮೊಹರನ್ನು ಪಕ್ಕಕ್ಕಿಟ್ಟು ಬಿಳಿ ಹಾಳೆಯೊಂದನ್ನು ಎಳೆದುಕೊಂಡರು. ಅವರ ಬದುಕಿನಲ್ಲಿ ಅವರು ಬರೆದದ್ದನ್ನು ಕೊನೆಯವರೆಗೆ ಓದಿದವರು ಯಾರೂ ಇರಲಿಲ್ಲ. ‘ಗೂಡಿನಿಂದ ಕಾಗದ ತೆಗೆದುಕೊಳ್ಳುವ ಕ್ರಮ’ ಎಂದು ಹಿಂದೊಮ್ಮೆ ಮೂರು ಪುಟದ ಸುತ್ತೋಲೆ ಬರೆದು ಹಂಚಿದ್ದರು. ಮಾರನೇ ದಿನ ಕ್ಯಾಂಟೀನಿನವನು ಅದರ ಎರಡನೇ ಪುಟದಲ್ಲಿ ಬ್ರೆಡ್ಡು ಸುತ್ತಿ ಅವರಿಗೇ ಕೊಟ್ಟಿದ್ದ.

ಆ ಸಂಜೆ ಮನೆಗೆ ಹೋಗುವಾಗ ಅವರ ಕಾಲು ನೆಲದ ಮೇಲಿರಲಿಲ್ಲ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೇಟಿನ ಹತ್ತಿರ ಸಿಕ್ಕರು.

“ಮೇಷ್ಟ್ರೇ, ನಾನೀಗ ಕೃತಕ ಬುದ್ಧಿಗೆ ಪಾಠ ಹೇಳ್ತಿದೀನಿ.”

“ಪರೀಕ್ಷೆ ಯಾವಾಗ?” ಎಂದರು ಮೇಷ್ಟ್ರು. ನಲವತ್ತು ವರ್ಷ ಪಾಠ ಹೇಳಿದವರಿಗೆ ಬೇರೆ ಪ್ರಶ್ನೆ ಹೊಳೆಯುವುದಿಲ್ಲ.

ಮೇಡಂ ಕೇಳಿದ್ದು ಎರಡು ಪುಟ. ಟಪಾಲಣ್ಣ ತಂದುಕೊಟ್ಟದ್ದು ನಲವತ್ತಮೂರು. ಮೊದಲ ಅಧ್ಯಾಯ ‘ಹುಡುಕುವವನ ನಡತೆ’. ಅದರ ಮೊದಲ ವಾಕ್ಯ ಹೀಗಿತ್ತು: ‘ಕಾಗದ ಹುಡುಕುವವನು ಆತುರಪಡದೆ, ಮೊದಲು ಕುರ್ಚಿಯಲ್ಲಿ ಕುಳಿತು ಸುಧಾರಿಸಿಕೊಳ್ಳತಕ್ಕದ್ದು.’

“ಸಾರ್, ಅವನಿಗೆ ಕೂರೋಕೆ ಬರಲ್ಲ.”

“ನಿಂತೇ ಸುಧಾರಿಸಿಕೊಳ್ಳಲಿ. ಆದ್ರೆ ಸುಧಾರಿಸಿಕೊಳ್ಳಲಿ.”

ಜಗಳ ಬಿದ್ದದ್ದು ಐದನೇ ಅಧ್ಯಾಯಕ್ಕೆ. ಸಾಧನದಲ್ಲಿ ತುಂಬಬೇಕಾದ ಖಾನೆಗಳು ನಾಲ್ಕು: ಕಳುಹಿಸಿದವರು, ಕಾಲ, ವಿಷಯದ ಸಾಲು, ಕಾಗದದ ಒಳಗಿನ ಪದ. ನಾಲ್ಕನೆಯದು ವ್ಯರ್ಥ ಎಂದು ಟಪಾಲಣ್ಣ ಹಟ ಹಿಡಿದರು. “ವಿಷಯದ ಸಾಲು ನೋಡಿದ್ರೆ ಕಾಗದದ ಜಾತಕ ಗೊತ್ತಾಗತ್ತೆ ಮೇಡಂ. ಒಳಗೆ ಕೈ ಹಾಕೋದು ಸಭ್ಯರ ಲಕ್ಷಣ ಅಲ್ಲ,” ಎಂದು ಜೇಬಿನಿಂದ ರಟ್ಟಿನ ಕಿಟಕಿ ತೆಗೆದು ತೋರಿಸಿದರು. ಮೇಡಂ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ನನ್ನ ಸಾಧನ ಒಳಗೂ ಹುಡುಕತ್ತೆ ಸಾರ್,” ಎಂದಷ್ಟೇ ಹೇಳಿ ವಾಪಸು ಕೊಟ್ಟರು.

ಕತ್ತರಿಸಿ ಕತ್ತರಿಸಿ ಕೈಪಿಡಿ ಒಂಬತ್ತು ಪುಟಕ್ಕೆ ಇಳಿಯಿತು. ಇನ್ನು ಒಂದೇ ಒಂದು ಉದಾಹರಣೆ ಬಾಕಿ.

“ಹುಡುಕಿದ್ರೆ ಏನೂ ಸಿಗದೇ ಇದ್ದಾಗ ಏನು ಮಾಡ್ಬೇಕು ಅಂತ ಅವನಿಗೆ ಹೇಳಿಕೊಡ್ಬೇಕು ಸಾರ್. ಇಲ್ಲದಿದ್ರೆ ಏನಾದ್ರೂ ಕಟ್ಟಿ ಹೇಳಿಬಿಡ್ತಾನೆ. ಸಿಗೋದೇ ಇಲ್ಲ ಅಂತ ನಿಮಗೆ ಖಂಡಿತ ಗೊತ್ತಿರೋ ಒಂದು ಕಾಗದ ಹೇಳಿ.”

ಟಪಾಲಣ್ಣ ಯೋಚಿಸಲೇ ಇಲ್ಲ. ಅಂಥ ಕಾಗದವೊಂದು ಅವರ ಎದೆಯಲ್ಲಿ ಹತ್ತೊಂಬತ್ತು ವರ್ಷದಿಂದ ಬಾರದೆ ಕೂತಿತ್ತು.

ಅದರ ಕಥೆ ಇಷ್ಟು. ಟಪಾಲಣ್ಣನವರ ಅಪ್ಪ ಕೈಯಾರೆ ಮಾಡಿದ ಏಳು ಮೆಟ್ಟಿಲಿನ ಮರದ ಏಣಿಯೊಂದು ಮನೆಯಲ್ಲಿತ್ತು. ಅದನ್ನು ಹೆಂಡತಿಯ ತಮ್ಮ ಮೂರು ದಿನಕ್ಕೆಂದು ಒಯ್ದ. ಅಂಗಡಿಗಳ ಬೋರ್ಡು ಬರೆಯುವ ಪೇಂಟರ್ ಆತ, ಗಿರಾಕಿಗಳಿಗೆಂದು ಒಂದು ಇಮೇಲ್ ವಿಳಾಸವನ್ನೂ ಮಾಡಿಕೊಂಡಿದ್ದ. ಒಳ್ಳೆಯ ಕೈ, ಒಳ್ಳೆಯ ಮಾತು, ಭಾವ ಎಂದರೆ ಪ್ರಾಣ. ಏಣಿಯ ಮೂರನೇ ಮೆಟ್ಟಿಲು ಮುರಿಯಿತು. ಮುರಿದ ಸುದ್ದಿ ಬೇರೆಯವರ ಬಾಯಲ್ಲಿ ಬಂತು. ಮಗಳ ಹುಟ್ಟುಹಬ್ಬದ ದಿನ ಮನೆ ತುಂಬ ನೆಂಟರಿರುವಾಗ ಭಾವಮೈದ ಬಾಗಿಲಲ್ಲಿ ಕಾಣಿಸಿದ. ಟಪಾಲಣ್ಣ ಹೆಂಡತಿಗೆ ಕೇಳುವಂತೆ, ಅಂದರೆ ಎಲ್ಲರಿಗೂ ಕೇಳುವಂತೆ, “ನಿನ್ನ ತಮ್ಮನಿಗೆ ನೆಲದ ಮೇಲೆ ಕೂರೋಕೆ ಹೇಳು. ಕುರ್ಚಿ ಕೊಟ್ರೆ ಅದನ್ನೂ ಮುರಿದಾನು,” ಎಂದುಬಿಟ್ಟರು. ಎಲ್ಲರೂ ನಕ್ಕರು. ಭಾವಮೈದನೂ ಅರ್ಧ ನಕ್ಕ. ಆಮೇಲೆ ತಟ್ಟೆ ಕೆಳಗಿಟ್ಟು ಹೋದವನು ಮತ್ತೆ ಬರಲಿಲ್ಲ, ಮಗಳ ಮದುವೆಗೂ ಬರಲಿಲ್ಲ.

“ಒಂದು ಸಾಲು ಬರೆದಿದ್ರೆ ಮುಗೀತಿತ್ತು,” ಎಂದು ಟಪಾಲಣ್ಣ ಇವತ್ತಿಗೂ ಹೇಳುತ್ತಾರೆ. ಅತ್ತ ಹೆಂಡತಿ ಫೋನಿನಲ್ಲಿ ಮಾತೆತ್ತಿದರೆ ತಮ್ಮ, “ಭಾವ ಉತ್ತರ ಕೊಟ್ಟಾಗಿದೆ ಅಕ್ಕ, ಆ ವಿಷಯ ಬಿಡು,” ಎಂದು ಮಾತು ತಿರುಗಿಸುತ್ತಿದ್ದ. ಉತ್ತರವೆಂದರೆ ಆ ಕುರ್ಚಿಯ ಮಾತೇ ಇರಬೇಕೆಂದುಕೊಂಡು ಆಕೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ತವರಿನ ಕಡೆ ಉಳಿದಿದ್ದವನು ಅವನೊಬ್ಬನೇ.

ಟಪಾಲಣ್ಣ ಬರೆದದ್ದು ಹೀಗೆ: ‘ಉದಾಹರಣೆ ಹನ್ನೆರಡು. ಕಳುಹಿಸಿದವರು: ಈ ಕೆಳಗಿನ ವಿಳಾಸದ ನನ್ನ ಭಾವಮೈದ. ಕಾಲ: ಹತ್ತೊಂಬತ್ತು ವರ್ಷಗಳಿಂದ ಇಂದಿನವರೆಗೆ. ಒಳಗಿನ ಪದ: ಕ್ಷಮಿಸಿ. ಫಲಿತಾಂಶ: ಸೊನ್ನೆ. ಷರಾ: ಕೆಲವರು ಇಂಥ ಕಾಗದವನ್ನು ಬರೆಯುವುದೇ ಇಲ್ಲ. ಏಜೆಂಟರು ಇದನ್ನು ಒಪ್ಪಿಕೊಂಡು, ಏನನ್ನೂ ಕಲ್ಪಿಸಿಕೊಳ್ಳದೆ, ಮುಂದಿನ ಕೆಲಸಕ್ಕೆ ಹೋಗತಕ್ಕದ್ದು.’

ಸೋಮವಾರ ಸಾಧನ ಕೆಲಸ ಆರಂಭಿಸಿತು. ಮೊದಲ ಪ್ರಶ್ನೆ ಮ್ಯಾನೇಜರದು. ದಾರದ ಉಂಡೆ ಸಿಕ್ಕಿಕೊಳ್ಳುತ್ತದೆಂದು ಯಾವುದೋ ವ್ಯಾಪಾರಿ ಎರಡು ವರ್ಷದ ಹಿಂದೆ ಬರೆದ ದೂರು ಬೇಕಿತ್ತು. ಏಜೆಂಟ್ ಕಣ್ಣು ಮಿಟುಕಿಸುವುದರೊಳಗೆ ತಂದಿಟ್ಟ. ಕೆಳಗೆ ಎರಡು ಸಾಲು ಹೆಚ್ಚಿಗೆ ಬರೆದಿದ್ದ: ‘ಸೂಚನೆ: ಕೈಪಿಡಿಯಲ್ಲಿ ಒಂದು ದೋಷವಿದೆ. ಉದಾಹರಣೆ ಹನ್ನೆರಡರಲ್ಲಿ ಫಲಿತಾಂಶ ಸೊನ್ನೆ ಎಂದಿದೆ. ಪರಿಶೀಲಿಸಲಾಗಿ ಒಂದು ಕಾಗದ ಸಿಕ್ಕಿದೆ. ದಯವಿಟ್ಟು ತಿದ್ದುವುದು.’

ದುರಸ್ತಿ ವಿಭಾಗದವರು ಸೂಜಿಯ ಅಳತೆ ಕೇಳಿದರು. ಅಳತೆ ಬಂತು, ಕೆಳಗೆ ಸೂಚನೆಯೂ ಬಂತು. ಕ್ಯಾಂಟೀನಿನವನು ಸಕ್ಕರೆಯ ಪಟ್ಟಿ ಕೇಳಿದ. ಸಕ್ಕರೆ, ಸೂಚನೆ. ಮಧ್ಯಾಹ್ನ ಊಟದ ಹೊತ್ತಿಗೆ ಇಡೀ ಕಾರ್ಖಾನೆ ಉದಾಹರಣೆ ಹನ್ನೆರಡನ್ನು ತೆಗೆದು ಓದಿ, ಎರಡು ಪಕ್ಷವಾಗಿತ್ತು. ಸಿಕ್ಕ ಕಾಗದವನ್ನು ಮಾತ್ರ ಟಪಾಲಣ್ಣನವರ ಹೊರತು ಇನ್ಯಾರೂ ತೆರೆಯದಂತೆ ಮೇಡಂ ಮುಚ್ಚಿಟ್ಟಿದ್ದರು. ಭಾವಮೈದ ಕಾಗದ ಬರೆದಿದ್ದಾನೆ, ಇವರು ನುಂಗಿ ಕೂತಿದ್ದಾರೆ ಎಂದು ಮಾರಾಟದವರು. ಯಂತ್ರಕ್ಕೆ ತಲೆ ಕೆಟ್ಟಿದೆ ಎಂದು ದುರಸ್ತಿಯವರು. ಕ್ಯಾಂಟೀನಿನವನು ಯಾವ ಪಕ್ಷಕ್ಕೂ ಸೇರದೆ, ಟಪಾಲಣ್ಣನವರ ಮುಂದೆ ಕೇಳದೆಯೇ ಇನ್ನೊಂದು ಲೋಟ ಚಹಾ ಇಟ್ಟು, ಸಾವಿನ ಮನೆಗೆ ಬಂದವನ ಹಾಗೆ ಭುಜ ತಟ್ಟಿ ಹೋದ.

ಮ್ಯಾನೇಜರು ಕರೆಸಿದರು.

“ಸೊನ್ನೆನೋ, ಒಂದೋ?”

“ಸೊನ್ನೆ ಸಾರ್.”

“ಅವನು ಒಂದು ಅಂತಿದಾನೆ.”

“ಅವನು ಇವತ್ತು ಕೆಲಸಕ್ಕೆ ಸೇರಿದವನು ಸಾರ್. ನನ್ನದು ಮೂವತ್ತೊಂದು ವರ್ಷ.”

ಮ್ಯಾನೇಜರು ಇಬ್ಬರ ನಡುವೆ ಸಿಕ್ಕಿಬಿದ್ದವರ ಹಾಗೆ ಹಣೆ ಉಜ್ಜಿಕೊಂಡು, “ಏನಾದ್ರೂ ಮಾಡಿ, ನೀವಿಬ್ರೂ ಮಾತಾಡಿ ಬಗೆಹರಿಸ್ಕೊಳ್ಳಿ,” ಎಂದರು.

ಟಪಾಲಣ್ಣ ಬಗೆಹರಿಸಿದರು. ಕೈಪಿಡಿಗೆ ಹೊಸದೊಂದು ನಿಯಮ ಸೇರಿಸಿದರು: ‘ಹಿರಿಯರು ಸೊನ್ನೆ ಎಂದ ಮೇಲೆ ಅದು ಸೊನ್ನೆಯೇ. ಏಜೆಂಟರು ಎದುರು ವಾದಿಸತಕ್ಕದ್ದಲ್ಲ.’

ಮಂಗಳವಾರ ಬೆಳಿಗ್ಗೆಯಿಂದ ಎಲ್ಲ ಉತ್ತರಗಳ ಕೆಳಗೂ ‘ಕೈಪಿಡಿಯಲ್ಲಿ ಎರಡು ದೋಷಗಳಿವೆ’ ಎಂದು ಬರತೊಡಗಿತು.

ಸಂಜೆ ಮೇಷ್ಟ್ರು ಗೇಟಿನಲ್ಲೇ ಹಿಡಿದರು. “ಶಿಷ್ಯ ಹೇಗಿದಾನೆ?”

“ಎದುರು ಮಾತಾಡ್ತಾನೆ.”

“ಹಾಗಾದ್ರೆ ಪಾಠ ಹತ್ತಿದೆ. ಏನಂತೆ ತಕರಾರು?”

ಟಪಾಲಣ್ಣ ರೋಷದಲ್ಲಿ ಎಲ್ಲವನ್ನೂ ಒದರಿಬಿಟ್ಟರು, ಬಾಗಿಲ ಹಿಂದೆ ಹೆಂಡತಿ ನಿಂತಿದ್ದಾಳೆಂದು ನೋಡಲಿಲ್ಲ. ಒಳಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಆಕೆ ಎದುರಿಗೆ ಬಂದಳು.

“ನನ್ನ ತಮ್ಮನ ಚಾಡೀನ ಯಂತ್ರಕ್ಕೂ ಹೇಳಿಕೊಟ್ರಾ?”

“ಉದಾಹರಣೆ ಕಣೇ ಅದು.”

“ಇರಲಿ. ಒಂದು ಸಿಕ್ಕಿದೆ ಅಂತಿದೆಯಲ್ಲ ಅದು. ಓದಿದ್ರಾ?”

“ಇಲ್ಲದಿರೋದನ್ನ ಏನಂತ ಓದ್ಲಿ?”

“ಎರಡು ದಿನದಿಂದ ಊರೆಲ್ಲ ಹೇಳ್ತಿದೆ. ನೀವು ಒಂದು ಸಲ ತೆಗೆದು ನೋಡಿಲ್ಲ. ಸೊನ್ನೆ ಅಂತ ಅಷ್ಟು ಧೈರ್ಯ ಇದ್ರೆ ನೋಡೋಕೇನು ಹೆದರಿಕೆ?” ಎಂದವಳು, ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ತೊಳೆದಳು.

ಬುಧವಾರ ಟಪಾಲಣ್ಣ ಮೇಡಂ ಮೇಜಿನ ಮುಂದೆ ಹೋಗಿ ನಿಂತರು. “ಅದೇನೋ ಒಂದು ಅಂತಾನಲ್ಲ. ತೋರಿಸಿ, ಅವನ ತಪ್ಪು ಹಿಡಿದುಕೊಡ್ತೀನಿ.”

ಮೇಡಂ ಪರದೆಯನ್ನು ಅವರ ಕಡೆ ತಿರುಗಿಸಿ, ತಾವು ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತುಕೊಂಡರು.

ವಿಷಯದ ಸಾಲಿನಲ್ಲಿ ಒಂದೇ ಪದವಿತ್ತು: ಏಣಿ. ಕೆಳಗೆ ಹೀಗೆ ಬರೆದಿತ್ತು.

‘ಭಾವ, ಎದುರು ನಿಂತು ಹೇಳೋಕೆ ನಾಲಿಗೆ ಏಳಲಿಲ್ಲ, ಅದಕ್ಕೆ ಬರೀತಿದೀನಿ. ಏಣಿ ನನ್ನಿಂದಲೇ ಮುರೀತು. ನಿಮ್ಮಪ್ಪ ಮಾಡಿದ್ದು ಅಂತ ಗೊತ್ತಿದ್ದೂ ಎರಡು ಡಬ್ಬ ಬಣ್ಣ ಹೊತ್ಕೊಂಡು ಹತ್ತಿಬಿಟ್ಟೆ. ಅಂಥದೇ ಮರಕ್ಕೆ ಎರಡು ತಿಂಗಳು ಅಲೆದು, ಮೂರನೇ ಮೆಟ್ಟಿಲು ಹೊಸದಾಗಿ ಕೂರಿಸಿದೀನಿ. ಉಳಿದ ಆರೂ ಅವರ ಕೈಯವೇ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿ. ನೀವು ಹೂಂ ಅಂದ್ರೆ ಭಾನುವಾರ ತಂದುಕೊಡ್ತೀನಿ.’

ಅದರ ಕೆಳಗೆ, ಮೂರು ದಿನ ಬಿಟ್ಟು ಇದೇ ಆಫೀಸಿನ ವಿಳಾಸದಿಂದ ಹೋದ ಉತ್ತರವಿತ್ತು.

‘ಮಾನ್ಯರೇ, ತಮ್ಮ ಪತ್ರ ತಲುಪಿತು. ಸದ್ಯಕ್ಕೆ ಏಣಿಯ ಅಗತ್ಯವಿಲ್ಲ. ಅಗತ್ಯ ಬಿದ್ದಲ್ಲಿ ತಿಳಿಸಲಾಗುವುದು. ಇಂತಿ, ಉಗ್ರಾಣ ವಿಭಾಗ.’

ಟಪಾಲಣ್ಣ ಓದಿದರು. ಮತ್ತೆ ಓದಿದರು. ಆಮೇಲೆ ಏನನ್ನಿಸಿತೋ, ಜೇಬಿನಿಂದ ರಟ್ಟಿನ ಕಿಟಕಿ ತೆಗೆದು ಪರದೆಯ ಮೇಲೆ ಹಿಡಿದರು. ಭಾವ ಎಂಬುದು ಮುಚ್ಚಿಹೋಯಿತು, ಎರಡು ತಿಂಗಳ ಅಲೆದಾಟ ಮುಚ್ಚಿಹೋಯಿತು. ಏಣಿ ಎಂಬುದೊಂದೇ ಕಂಡಿತು. ಏಣಿ ಎಂದರೆ ಉಗ್ರಾಣದ ಗೂಡು, ಮೇಲಿನಿಂದ ಎರಡನೇ ಸಾಲು, ಎಡಗಡೆ. ಹಾಕಿದ್ದು ಇದೇ ಕೈ. ಆ ಕಾಗದದ ಮೇಲೆ ‘ತಲುಪಿದೆ’ ಎಂದು ಮೊಹರು ಒತ್ತಿದ್ದೂ ಇದೇ ಕೈ.

ಉಗ್ರಾಣದ ಯಜಮಾನರು ಇನ್ನೂ ಅದೇ ಉಗ್ರಾಣದಲ್ಲಿ, ಅದೇ ಸ್ಟೂಲಿನ ಮೇಲೆ ಇದ್ದರು. ಟಪಾಲಣ್ಣ ಹೋಗಿ ಕೇಳಿದಾಗ ಅವರಿಗೆ ಆ ಕಾಗದ ಚೆನ್ನಾಗಿ ನೆನಪಿತ್ತು.

“ನೆನಪಿಲ್ಲದೆ ಏನು. ನಾನೇ ಕಂಪ್ಯೂಟರಿನ ಮುಂದೆ ಕೂತು ಒಂದೇ ಬೆರಳಲ್ಲಿ ಉತ್ತರ ಹೊಡೆದಿದ್ದು. ನೀವು ಊಟಕ್ಕೆ ಹೋಗಿದ್ರಿ.”

“ಒಳಗೆ ಭಾವ ಅಂತ ಬರೆದಿತ್ತಲ್ಲ. ನಿಮಗೇನೂ ಅನ್ನಿಸಲಿಲ್ವಾ?”

“ಅನ್ನಿಸ್ತು. ಏಣಿ ಮಾರೋನು ಎಷ್ಟು ಸಲಿಗೆ ತಗೊಂಡಿದಾನೆ ಅನ್ನಿಸ್ತು. ಅಪ್ಪನ ಹೆಸರು ತಂದು ಮನಸ್ಸು ಕರಗಿಸೋಕೆ ನೋಡಿದ. ನಾನು ಬಗ್ಗಲಿಲ್ಲ.” ಯಜಮಾನರು ಹೆಮ್ಮೆಯಿಂದಲೇ ಹೇಳಿದರು. “ಮನೆ ಕಾಗದ ಇರಬಹುದು ಅಂತ ಒಂದು ಗಳಿಗೆ ಅನುಮಾನ ಬಂದಿದ್ದು ನಿಜ. ಆದ್ರೆ ಗೂಡಿಗೆ ಹಾಕಿದ್ದು ನೀವು. ನೀವು ಹಾಕಿದ್ದು ತಪ್ಪಾಗೋದುಂಟಾ?”

ಟಪಾಲಣ್ಣ ತಮ್ಮ ಮೇಜಿಗೆ ಬಂದು, ಗೋಡೆಯ ಮೇಲೆ ಎರಡನೇ ಸಾಲಿನ ಎಡಗಡೆಯ ಮಸುಕು ಚೌಕವನ್ನು ನೋಡುತ್ತ ಬಹಳ ಹೊತ್ತು ಕೂತರು. ಅವರಿಗೆ ನಾಚಿಕೆಯಾಗಿತ್ತು. ಅದಕ್ಕಿಂತ ಹೆಚ್ಚಾಗಿ ಆ ಹುಡುಗನ ಮೇಲೆ, ಈಗ ಅವನಿಗೂ ಐವತ್ತು ದಾಟಿರಬೇಕು, ತಡೆಯಲಾಗದ ಪ್ರೀತಿ ಉಕ್ಕಿತ್ತು. ಅಗತ್ಯ ಬಿದ್ದಲ್ಲಿ ತಿಳಿಸುತ್ತಾರೆಂದು ಅವನು ಹತ್ತೊಂಬತ್ತು ವರ್ಷ ಕಾದಿದ್ದ.

ಸಂಜೆ ಹೆಂಡತಿಗೆ ಹೇಳಿದರು. ಆಕೆ ಬೈಯಲಿಲ್ಲ, ಅದೇ ಕಷ್ಟವಾಯಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಫೋನಿಗೆ ಕೈ ಹಾಕಿದಳು. ಟಪಾಲಣ್ಣ ತಡೆದರು.

“ಬೇಡ. ಕಾಗದದಲ್ಲಿ ಕಳೆದದ್ದು, ಕಾಗದದಲ್ಲೇ ಸೇರಿಸ್ತೀನಿ. ಇದೊಂದು ನನಗೆ ಬಿಡು.”

ಗುರುವಾರ ಅವರು ಉತ್ತರ ಬರೆಯಲು ಕೂತರು. ಮಧ್ಯಾಹ್ನದ ಹೊತ್ತಿಗೆ ಆರು ಪುಟವಾಗಿತ್ತು, ಇನ್ನೂ ಪೀಠಿಕೆ ಮುಗಿದಿರಲಿಲ್ಲ. ಮೇಡಂ ಹಿಂದೆ ಬಂದು ನಿಂತು ಓದಿ, “ಸಾರ್, ಅವರು ಬರೆದಿದ್ದು ಎಷ್ಟು ಸಾಲು?” ಎಂದಷ್ಟೇ ಕೇಳಿದರು. ಟಪಾಲಣ್ಣ ಆರೂ ಪುಟ ಅಳಿಸಿ, ಅದೇ ಹಳೆಯ ಕಾಗದದ ಕೆಳಗೆ ಹೀಗೆ ಬರೆದು ಕಳುಹಿಸಿದರು: ‘ನಿನ್ನ ಕಾಗದ ಇವತ್ತು ತಲುಪಿತು. ತಪ್ಪು ನನ್ನದು. ಏಣಿಯ ಅಗತ್ಯ ಬಿದ್ದಿದೆ.’

ಆಮೇಲೆ ಕೈಪಿಡಿ ತೆಗೆದು ಹಿರಿಯರ ಸೊನ್ನೆಯ ನಿಯಮವನ್ನು ಹೊಡೆದುಹಾಕಿದರು. ಉದಾಹರಣೆ ಹನ್ನೆರಡರಲ್ಲಿ ಸೊನ್ನೆಯನ್ನು ಒಂದು ಮಾಡಿದರು. ಷರಾ ಬದಲಾಯಿತು: ‘ವಿಷಯದ ಸಾಲು ನೋಡಿ ಕಾಗದವನ್ನು ತೀರ್ಮಾನಿಸಬಾರದು. ತೆರೆದು ಓದತಕ್ಕದ್ದು. ಬರೆದವರು ಯಾರೆಂದು ನೋಡತಕ್ಕದ್ದು.’ ಏಜೆಂಟ್ ಅಂದಿನಿಂದ ಸೂಚನೆ ಹಾಕುವುದನ್ನು ನಿಲ್ಲಿಸಿದ.

ಆದರೆ ಭಾವಮೈದನ ಉತ್ತರ ಬರಲಿಲ್ಲ. ಶುಕ್ರವಾರ ಮಾರಾಟದವರೂ ದುರಸ್ತಿಯವರೂ ತಮ್ಮ ಕೆಲಸ ಬಿಟ್ಟು ಗಂಟೆಗೊಮ್ಮೆ ಏಜೆಂಟನನ್ನು ಕೇಳಿದರು: ಪೇಂಟರ್ ಕಡೆಯಿಂದ ಕಾಗದ ಬಂತಾ? ಏಜೆಂಟ್ ಪ್ರತಿ ಸಲವೂ ಹುಡುಕಿ, ಏನನ್ನೂ ಕಲ್ಪಿಸಿಕೊಳ್ಳದೆ, ಟಪಾಲಣ್ಣ ಕಲಿಸಿದಂತೆಯೇ ಹೇಳಿದ: ಸೊನ್ನೆ. ಶನಿವಾರ ಟಪಾಲಣ್ಣ ತಾವೇ ಕೇಳಿದರು. ಸೊನ್ನೆ. ಮೂವತ್ತೊಂದು ವರ್ಷದಲ್ಲಿ ಯಾವ ಕಾಗದಕ್ಕೂ ಅವರು ಹೀಗೆ ಕಾದಿರಲಿಲ್ಲ. ಮನೆಗೆ ಹೋಗುವಾಗ ಮೇಷ್ಟ್ರ ಕಣ್ಣು ತಪ್ಪಿಸಿ ಹಿಂದಿನ ಬಾಗಿಲಿನಿಂದ ಒಳಗೆ ಹೋದರು.

ಭಾನುವಾರ ಬೆಳಿಗ್ಗೆ ಗೇಟಿಗೆ ಏನೋ ತಗುಲಿದ ಸದ್ದಾಯಿತು. ಮೇಷ್ಟ್ರು ತಮ್ಮ ಕಾಂಪೌಂಡಿನಿಂದಲೇ, “ಸ್ವಲ್ಪ ಎಡಕ್ಕೆ, ಎಡಕ್ಕೆ,” ಎಂದು ಯಾರಿಗೋ ಪಾಠ ಹೇಳುತ್ತಿದ್ದರು. ಟಪಾಲಣ್ಣ ಬಾಗಿಲು ತೆರೆದರು. ಮೊದಲು ಏಣಿ ಒಳಗೆ ಬಂತು. ಏಳು ಮೆಟ್ಟಿಲು, ಮೂರನೆಯದರ ಬಣ್ಣ ಮಾತ್ರ ಉಳಿದವಕ್ಕಿಂತ ಒಂದು ಕೂದಲೆಳೆ ತಿಳಿ. ಅದರ ಹಿಂದೆ ನರೆತ ತಲೆಯ, ಏಣಿ ಹತ್ತಿ ಹತ್ತಿ ಮಂಡಿ ಸೋತ ಒಬ್ಬ ಮನುಷ್ಯ ಮೆಲ್ಲಗೆ ಕಾಲು ಹಾಕುತ್ತ ಬಂದ.

“ಉತ್ತರ ಬರೀಲಿಲ್ಲ ನೀನು,” ಎಂದರು ಟಪಾಲಣ್ಣ.

“ಮೊದಲೇ ಬರೆದಿದ್ದೆನಲ್ಲ ಭಾವ. ಹೂಂ ಅಂದ್ರೆ ಭಾನುವಾರ ತರ್ತೀನಿ ಅಂತ.” ಭಾವಮೈದ ಏಣಿಯನ್ನು ಗೋಡೆಗೆ ಒರಗಿಸಿ ಏದುಸಿರು ಬಿಟ್ಟ. “ಇವತ್ತು ಭಾನುವಾರ.”

ಅಕ್ಕ ಓಡಿ ಬಂದು ತಮ್ಮನ ಕೈ ಹಿಡಿದುಕೊಂಡವಳು ಬಿಡಲೇ ಇಲ್ಲ. ಟಪಾಲಣ್ಣ ಏಣಿಯ ಮೂರನೇ ಮೆಟ್ಟಿಲನ್ನು ಒಮ್ಮೆ ಅಂಗೈಯಿಂದ ಸವರಿ ಒಳಗೆ ಹೋದರು. ಮನೆಯಲ್ಲಿದ್ದ ಕುರ್ಚಿಗಳಲ್ಲೆಲ್ಲ ಒಳ್ಳೆಯದನ್ನು, ಅವರಪ್ಪ ಮಾಡಿದ್ದನ್ನೇ, ಎತ್ತಿಕೊಂಡು ಬಂದು ಭಾವಮೈದನ ಮುಂದೆ ಇಟ್ಟರು. ಅವನು ಅದನ್ನು ನೋಡಿ, ಅವರನ್ನು ನೋಡಿ, ನಿಂತೇ ಇದ್ದ.

“ಕೂತ್ಕೋ,” ಎಂದರು ಟಪಾಲಣ್ಣ. “ಮುರಿದ್ರೆ ಮುರೀಲಿ.”

ಅವನು ಕೂತ ಮೇಲೆ, ತಾವು ನೆಲದ ಮೇಲೆ ಕೂತರು.